ಕಾಯಿಸಿದ ಹಾಲು

ಹಾಲು ಕಂಡರೆ ಮೊದಲು ಒಲೆ ಮೇಲಿಡಬೇಕು. ನಲವತ್ತು ವರ್ಷ ಹಸು ಕಟ್ಟಿದ ಈ ಅಂಕಮ್ಮನಿಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ಅದಕ್ಕೇ ಅವತ್ತು ನಾನು ಹಿಂದೆಮುಂದೆ ನೋಡಲಿಲ್ಲ.

ಸೊಸೆ ರಂಜಿತಳಿಗೆ ಏಳು ತಿಂಗಳಿಗೇ ಹೆರಿಗೆಯಾಗಿತ್ತು. ಒಂದೂಕಾಲು ಕೆಜಿಯ ಮೊಮ್ಮಗಳು ಮಂಡ್ಯದ ಆಸ್ಪತ್ರೆಯಲ್ಲಿ, ಗಾಜಿನ ಪೆಟ್ಟಿಗೆಯೊಳಗೆ. ಹೊಟ್ಟೆ ಕೊಯ್ಸಿಕೊಂಡ ರಂಜಿತ ಬಸ್ಸು ಹತ್ತಲಾರದೆ ಕೊತ್ತತ್ತಿಯ ಮನೆಯಲ್ಲಿ. ಎದೆಹಾಲು ಇಳಿದರೆ ಹಿಂಡಿ ತನ್ನಿ ಎಂದು ನರ್ಸಮ್ಮ ಪುಟ್ಟ ಬಾಟಲಿ ಕೊಟ್ಟು, ಬಾಟಲಿಯನ್ನು ತೊಳೆದು ಚೆನ್ನಾಗಿ ಕುದಿಸಬೇಕು ಎಂದಿದ್ದಳು. ಎಂಟು ದಿನ ಹಾಲೇ ಇಳಿಯಲಿಲ್ಲ. ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ ತಿನ್ನಿಸಿ ತಿನ್ನಿಸಿ ನಾನೂ ಸೋತೆ.

ಒಂಬತ್ತನೆಯ ದಿನ ಬೆಳಿಗ್ಗೆ ಅವಳು ಹಲ್ಲು ಕಚ್ಚಿಕೊಂಡು ಒಂದು ಗಂಟೆ ಕೂತು ಎರಡು ಚಮಚದಷ್ಟು ಹಿಂಡಿ, ಸುಸ್ತಾಗಿ ಮಲಗಿಬಿಟ್ಟಳು. ಬಾಟಲಿಯನ್ನೇ ಕುದಿಸಬೇಕೆಂದ ಮೇಲೆ ಹಾಲನ್ನು ಬಿಡುತ್ತಾರೆಯೇ? ಸೌಟಿಗೆ ಹಾಕಿ ಒಂದು ಕುದಿ ಬರಿಸಿದೆ.

ಆಸ್ಪತ್ರೆಯಲ್ಲಿ ನರ್ಸಮ್ಮ ಮುಚ್ಚಳ ತೆಗೆದು ಮೂಸಿದಳು. ಒಳಗೆ ಚೂರು ಕೆನೆ ಕಟ್ಟಿತ್ತು.

“ಅಜ್ಜಿ, ಇದನ್ನ ಕಾಯಿಸಿದ್ರಾ?”

“ಊಂ ಕಣವ್ವ. ಈ ಬಿಸ್ಲಲ್ಲಿ ಅಸೀದು ತಂದ್ರೆ ಒಡ್ದೋಗಲ್ವಾ?”

ಅವಳು ಬೈಯಲಿಲ್ಲ. ಬೈದಿದ್ದರೆ ನಾನೂ ತಿರುಗಿ ಬೈಯುತ್ತಿದ್ದೆ.

“ಮಗೂಗೆ ಸೋಂಕು ತಡೆಯೋ ಶಕ್ತಿ ತಾಯಿಯ ಹಸಿ ಹಾಲಲ್ಲಿರುತ್ತೆ ಅಜ್ಜಿ. ಕುದಿಸಿದ್ರೆ ಅದು ಹೋಗಿಬಿಡುತ್ತೆ. ಇದನ್ನ ಕೊಡೋಕಾಗಲ್ಲ. ನಾಳೆ ಹಸೀದನ್ನೇ ಐಸಲ್ಲಿಟ್ಟು ತನ್ನಿ.”

“ತಣ್ಗಾದ್ಮೇಲೆ ಆ ಸಕ್ತಿ ವಾಪಸ್ ಬರಾಕಿಲ್ವಾ?”

ಇಲ್ಲ ಎಂದು ತಲೆಯಾಡಿಸಿದಳು. ಗಾಜಿನಾಚೆ ಕೂಸು ಬರೀ ಬಾಯಿ ಚಪ್ಪರಿಸುತ್ತಿತ್ತು, ಕೈಗೆ ಡ್ರಿಪ್ಪಿನ ಸೂಜಿ. ಒಂಬತ್ತು ದಿನ ಕಾದು ಬಂದ ಹಾಲು ನನ್ನ ಕಣ್ಣೆದುರೇ ಸಿಂಕಿಗೆ ಹೋಯಿತು. ಈ ಕೈಯನ್ನೇ ಒಲೆಗಿಟ್ಟುಕೊಳ್ಳಬೇಕು ಅನ್ನಿಸಿತು.

ಮನೆಗೆ ಬಂದಾಗ ರಂಜಿತ ಬಾಗಿಲನ್ನೇ ನೋಡುತ್ತಾ ಕೂತಿದ್ದಳು. ಖಾಲಿ ಬಾಟಲಿ ಕಂಡು ಅವಳ ಮುಖ ಅರಳಿತು.

“ಎಲ್ಲಾನೂ ಕುಡುದ್ಬುಡ್ತಾ ಅತ್ತೆ?”

ಇದ್ದದ್ದನ್ನು ಮುಖಕ್ಕೆ ಹೇಳುವ ಬಾಯಿ ನನ್ನದು. ಅವಳ ಕಣ್ಣು ನೋಡಿ ಅದೇ ಬಾಯಿ ಸುಳ್ಳು ಹೇಳಿತು.

“ಊಂ ಕಣವ್ವ. ಒಂದು ತೊಟ್ಟೂ ಬುಡ್ನಿಲ್ಲ.”

ಹೆರಿಗೆಯಾದ ಮೇಲೆ ಅವಳು ನಕ್ಕಿದ್ದು ಅದೇ ಮೊದಲು. ನಗುತ್ತಿದ್ದ ಹಾಗೇ ರವಿಕೆಯ ಎರಡೂ ಕಡೆ ಒದ್ದೆಯಾಗತೊಡಗಿತು.

“ಅತ್ತೆ, ಬ್ಯಾಗ ಬಾಟ್ಲಿ ಕುದ್ಸಿ ಕೊಡಿ, ಆಲು ತಾನಾಗೇ ಬತ್ತಾ ಅದೆ!”

ಅಡುಗೆಮನೆಗೆ ಓಡಿದೆ. ಕಡ್ಡಿಪೆಟ್ಟಿಗೆ ಕೈಯಲ್ಲೇ ಇತ್ತು. ಒಲೆ ಹಚ್ಚಲು ನನಗೆ ಕೈಯೇ ಬರಲಿಲ್ಲ.