ಸ್ಲೋಟರ್ ಗೋಡೆಯ ಕೊನೆಯ ಅಕ್ಷರ

ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಪರೀಕ್ಷಕರು ಬರುತ್ತಾರೆ, ಸಂಜೆ ಐದಕ್ಕೆ ಪ್ರದರ್ಶನದ ಬಾಗಿಲು ತೆರೆಯುತ್ತದೆ. ಇವತ್ತು ಸೋಮವಾರ. ಕಲಾಶಾಲೆಯ ಕೊನೆಯ ವರ್ಷದಲ್ಲಿ ಅಕ್ಷರ ವಿನ್ಯಾಸ ಓದುತ್ತಿದ್ದ ಇಮ್ಕೆಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ತನ್ನ ಪಾಲಿಗೆ ಬಂದ ನಾಲ್ಕು ಮೀಟರ್ ಗೋಡೆಯ ಮೇಲೆ ಆರು ಪೋಸ್ಟರುಗಳನ್ನು ಬೆಳಗಿನಿಂದ ಐದು ಸಲ ಇಳಿಸಿ ಏರಿಸಿದ್ದಳು. ಕೂದಲೆಳೆಯಷ್ಟು ಎಡಕ್ಕೆ, ಮತ್ತೆ ಕೂದಲೆಳೆಯಷ್ಟು ಬಲಕ್ಕೆ. ನೋಡುವವರಿಗೆ ಏನೂ ಬದಲಾಗಿರಲಿಲ್ಲ. ಅವಳಿಗೆ ಮಾತ್ರ ಲೋಕವೇ ಓರೆಯಾಗಿ ಕಾಣುತ್ತಿತ್ತು.

ಪಕ್ಕದ ಗೋಡೆಯ ಟೈಮೆನ್, ನಾಲ್ಕು ವರ್ಷ ಒಂದೇ ಬೆಂಚಿನಲ್ಲಿ ಕೂತು ಓದಿದವನು, ಲಟ್ಟಣಿಗೆ ಹಿಡಿದು ಪುಸ್ತಕದ ರಟ್ಟು ಒತ್ತುತ್ತ ಕೇಳಿದ: “ಏನೇ, ಬಾಲ ಸುಟ್ಟ ಬೆಕ್ಕಿನ ಥರ ಓಡಾಡ್ತಿದೀಯಾ?”

“ಸುಮ್ನಿರೋ. ಆ ಮೂರನೇದು ಇಳಿದಿದೆ.”

“ಇಳಿದಿರೋದು ನಿನ್ನ ಮುಖ. ಕುಣಿಯೋಕೆ ಬರದವಳು ನೆಲ ಡೊಂಕು ಅಂದ್ಲಂತೆ. ನೀನು ಅವಳಿಗಿಂತ ಜಾಣೆ. ಡೊಂಕೇ ಕುಣಿತ ಅಂತ ನಲವತ್ತು ಪುಟ ಬರೆದಿದೀಯಲ್ಲ!”

ಬರೆದಿದ್ದಳು, ನಿಜ. ಎರಡು ವರ್ಷದ ಹಿಂದೆ ಗ್ರೋನಿಂಗೆನ್ ಊರಿನ ಕಾಲುವೆ ದಾಟಿ ಸೈಕಲ್ ತುಳಿಯುತ್ತಿದ್ದಾಗ, ಒಂದು ಹಳೆಯ ಕಲ್ಲಿದ್ದಲು ಗೋದಾಮಿನ ಇಟ್ಟಿಗೆ ಗೋಡೆಯ ಮೇಲೆ ಅರ್ಧ ಅಳಿಸಿಹೋದ ಬರಹ ಕಂಡಿತ್ತು: ‘ಕೋಲೆನ್ ಸ್ಲೋಟರ್’. ಸ್ಲೋಟರ್ ಎಂಬವನ ಕಲ್ಲಿದ್ದಲು ಅಂಗಡಿ. ಆಳೆತ್ತರದ ಹನ್ನೊಂದು ರೋಮನ್ ಅಕ್ಷರಗಳು. ಮೊದಲ ಹತ್ತು, ಶಾಲೆಗೆ ಹೊರಟ ಮಕ್ಕಳ ಹಾಗೆ, ನೆಟ್ಟಗೆ ನಿಂತಿದ್ದವು. ಹನ್ನೊಂದನೆಯದು ಆರ್. ಅದರ ಕಂಬ ನೆಟ್ಟಗೆ, ಹೊಟ್ಟೆ ದುಂಡಗೆ. ಆದರೆ ಕಾಲು ಮಾತ್ರ ಅರ್ಧದವರೆಗೆ ಬಂದು, ಏನೋ ನೆನಪಾದಂತೆ, ಒಳಕ್ಕೆ ಮಡಚಿಕೊಂಡಿತ್ತು. ಇಮ್ಕೆ ಸೈಕಲ್ಲಿಂದ ಇಳಿದವಳು ಒಂದು ಗಂಟೆ ಅಲ್ಲೇ ನಿಂತಳು.

ಆ ಒಂದು ಕಾಲಿನಿಂದ ಅವಳು ಪೂರ್ತಿ ಅಕ್ಷರಮಾಲೆಯನ್ನೇ ಹುಟ್ಟಿಸಿದಳು. ಅದೇ ಬಾಗು ಕೆ ಅಕ್ಷರಕ್ಕೆ, ಕ್ಯೂ ಬಾಲಕ್ಕೆ, ಎಸ್ ಸೊಂಟಕ್ಕೆ. ಜೊತೆಗೆ ನಲವತ್ತು ಪುಟದ ವಾದ: ಯಾರೋ ಹೆಸರಿಲ್ಲದ ಗುರು, ಹತ್ತು ಅಕ್ಷರ ಯಜಮಾನನ ಮಾತು ಕೇಳಿ ಬರೆದು, ಹನ್ನೊಂದನೆಯದಕ್ಕೆ ಧೈರ್ಯ ಮಾಡಿ ತನ್ನ ಸ್ವಾತಂತ್ರ್ಯ ತೆಗೆದುಕೊಂಡ. ಹೊಗಳಿಕೆಯಲ್ಲಿ ಮಹಾ ಜಿಪುಣನಾದ ಅವಳ ಮೇಷ್ಟ್ರು ಹೆಸೆಲ್ ಕೂಡ ಆ ಆರ್ ನೋಡಿ, “ಹ್ಞೂಂ, ಇದಕ್ಕೆ ಜೀವ ಇದೆ,” ಅಂದಿದ್ದ. ಇಡೀ ತರಗತಿಯ ಪ್ರದರ್ಶನದ ಪ್ರಚಾರಕ್ಕೆ ಅವಳ ಪೋಸ್ಟರೇ ಆಯ್ಕೆಯಾಯಿತು. ಹಳದಿ ಹಾಳೆಯ ಮೇಲೆ ಒಂದೇ ಒಂದು ಕಪ್ಪು ಆರ್. ಅದೀಗ ಊರಿನ ಬಸ್ ನಿಲ್ದಾಣಗಳಲ್ಲೆಲ್ಲ ನಿಂತಿತ್ತು.

ಮಧ್ಯಾಹ್ನ ಒಬ್ಬ ಮುದುಕ ಒಳಗೆ ಬಂದ. ಮಳೆಕೋಟಿನಿಂದ ನೀರು ತೊಟ್ಟಿಕ್ಕುತ್ತಿತ್ತು, ಕಂಕುಳಲ್ಲಿ ಸುತ್ತಿದ ಹಳದಿ ಹಾಳೆ. “ಮೋಯ್,” ಎಂದು ಊರವರ ರೂಢಿಯಂತೆ ಎಲ್ಲರಿಗೂ ಒಟ್ಟಿಗೆ ನಮಸ್ಕಾರ ಹೇಳಿ, ಹಾಳೆ ಬಿಡಿಸಿದ. ನಿಲ್ದಾಣದಿಂದ ಕಿತ್ತು ತಂದ ಪೋಸ್ಟರು.

“ಇದನ್ನ ಮಾಡಿದ್ದು ಯಾರು?”

“ನಾನು,” ಎಂದಳು ಇಮ್ಕೆ. ಮೂಲೆ ಮೂಲೆಯ ತಪ್ಪು ಹುಡುಕಿ ಪತ್ರ ಬರೆಯುವ ಜನ ಇದ್ದಾರಲ್ಲ, ಅಂಥವನೊಬ್ಬ ಖುದ್ದಾಗಿ ಬಂದಿದ್ದಾನೆ ಎಂದುಕೊಂಡಳು.

“ಈ ಕಾಲು ತಪ್ಪು, ಹುಡುಗಿ.”

“ತಪ್ಪಲ್ಲ, ಅದು ಬೇಕಂತಲೇ ಮಾಡಿದ್ದು,” ಎಂದು ಶುರುಮಾಡಿದವಳು ಉಸಿರು ತೆಗೆದುಕೊಳ್ಳದೆ ಎಲ್ಲ ಹೇಳಿದಳು. ಗೋಡೆ, ಹೆಸರಿಲ್ಲದ ಗುರು, ಧೈರ್ಯ, ಸ್ವಾತಂತ್ರ್ಯ. ಪರೀಕ್ಷಕರ ಮುಂದೆ ಹೇಳಬೇಕಾದದ್ದೇ ಆಗಿದ್ದರಿಂದ ಬಾಯಿಪಾಠವಾಗಿತ್ತು. ಮುದುಕ ಮಧ್ಯೆ ಬಾಯಿ ಹಾಕದೆ ಕೇಳಿದ.

“ಧೈರ್ಯ?” ಎಂದ ಕೊನೆಗೆ. “ಆ ಕಾಲು ಬರೆದಿದ್ದು ನಾನು. ಏಣಿ ಮೇಲೆ ನಿಂತು ಚಡ್ಡೀಲಿ ಉಚ್ಚೆ ಹೊಯ್ಕೊಂಡಿದ್ದೆ.”

ಟೈಮೆನ್‌ನ ಲಟ್ಟಣಿಗೆ ನಿಂತಿತು. ಇಮ್ಕೆ ಕುರ್ಚಿ ಎಳೆದು ಕೊಟ್ಟಳು, ಮುದುಕ ಕೂರಲಿಲ್ಲ.

ಅವನ ಹೆಸರು ಐಲ್ಕೊ ಬಯ್ಕೆಮಾ, ವಯಸ್ಸು ಎಪ್ಪತ್ತೆಂಟು. ಅಣ್ಣ ಹಾರ್ಮ್ ಗೋಡೆ ಬರಹಗಾರ, ತಮ್ಮನಾದ ಇವನು ಬಣ್ಣ ಕಲಸುವವನು. ಸ್ಲೋಟರ್ ಗೋಡೆಯಲ್ಲಿ ಹಾರ್ಮ್ ಹತ್ತು ಅಕ್ಷರ ಮುಗಿಸಿ, ಹನ್ನೊಂದನೆಯದರ ಕಂಬ ಮತ್ತು ಹೊಟ್ಟೆ ಬರೆದು, ಕಾಲಿಗೆ ಕುಂಚ ಅದ್ದುವಾಗ ಏಣಿ ಜಾರಿತು. ಅವನು ಆಸ್ಪತ್ರೆಯಲ್ಲಿದ್ದಾಗಲೇ ಮರುದಿನ ಬೆಳಿಗ್ಗೆ ಅವರ ಕೆಲಸದ ಯಜಮಾನ ಹದಿನಾರು ವರ್ಷದ ಐಲ್ಕೊನನ್ನು ಅದೇ ಏಣಿ ಹತ್ತಿಸಿದ. ಇವತ್ತು ಅಂಗಡಿ ತೆರೀತಾರೆ, ಒಂದು ಕಾಲು ತಾನೇ, ಎಳೆದು ಇಳಿ ಎಂದ.

“ಎಳೆದೆ. ಯಜಮಾನ ಕೆಳಗಿಂದ ನೋಡಿ, ‘ನೀನು ಅಕ್ಷರದವನಲ್ಲ ಬಿಡು’ ಅಂದ. ಹಾರ್ಮ್ ಮೂರನೇ ದಿನ ಹೋದ. ನಾನು ಕುಂಚ ಕೆಳಗಿಟ್ಟೆ, ಬಸ್ಸಿನ ಚಕ್ರ ಹಿಡಿದೆ. ಆ ಬೀದಿಗೆ ಹೋಗೋ ಬಸ್ಸು ಬೇಡ ಅಂತ ಬೇಡ್ಕೊಂಡು ನಲವತ್ತು ವರ್ಷ ಕಳೆದೆ.” ಪೋಸ್ಟರನ್ನು ಮೇಜಿನ ಮೇಲೆ ಚಾಚಿದ. “ಈಗ ನೀನು ಅದನ್ನ ಒಂದೊಂದು ನಿಲ್ದಾಣದಲ್ಲೂ ನಿಲ್ಲಿಸಿದೀಯ. ಅಣ್ಣನ ಕೆಲಸಕ್ಕೆ ನಾನು ಹಾಕಿದ ಮಸಿ ಅದು. ತಿದ್ದಿಬಿಡು ಹುಡುಗಿ. ನಿನ್ನ ದಮ್ಮಯ್ಯ.”

ಇಮ್ಕೆಗೆ ಮೊದಲು ಹೊಳೆದದ್ದು ಮರುಕವಲ್ಲ, ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆ. ಆಮೇಲೆ ಅದಕ್ಕೇ ತನ್ನ ಮೇಲೆ ಹೇಸಿಗೆಯಾಯಿತು.

“ನೋಡ್ತೀನಿ, ಬಯ್ಕೆಮಾ ಅವರೇ,” ಎಂದಷ್ಟೇ ಹೇಳಿ ವಿಳಾಸ ಬರೆದುಕೊಂಡಳು.

ಹೆಸೆಲ್‌ನನ್ನು ಕಾಫಿ ಯಂತ್ರದ ಹತ್ತಿರ ಹಿಡಿದು ಎಲ್ಲ ಒದರಿದಳು. ಅವನು ಲೋಟ ತುಂಬಿಸಿಕೊಂಡ.

“ನಿನ್ನ ನಲವತ್ತು ಪುಟ ಸುಳ್ಳು,” ಎಂದ. “ಅಕ್ಷರ ಸುಳ್ಳಲ್ಲ.”

“ಹಾಗಂದ್ರೆ ಏನ್ ಮಾಡ್ಲಿ, ಹೆಸೆಲ್?”

“ನನ್ನ ಯಾಕೆ ಕೇಳ್ತೀಯ? ಗೋಡೆ ನಿನ್ನದು, ತಲೆನೋವೂ ನಿನ್ನದೇ.”

ಮೇಷ್ಟ್ರುಗಳೆಲ್ಲ ಇಷ್ಟೇ. ಬೇಡದಾಗ ಉಪದೇಶ, ಬೇಕಾದಾಗ ಕಾಫಿ.

ಮಂಗಳವಾರ ತಿದ್ದಲು ಕೂತಳು. ತಿದ್ದುವುದೇನೂ ಕಷ್ಟವಿರಲಿಲ್ಲ. ಅದೇ ಗೋಡೆಯ ಮೊದಲ ಅಕ್ಷರ ಕೆ, ಅದರ ಕಾಲು ಹಾರ್ಮ್‌ನದೇ, ಉದ್ದಕ್ಕೆ ನೆಟ್ಟಗೆ. ಅದನ್ನು ಆರ್‌ಗೆ ಕೂಡಿಸಿದರೆ ಆಯಿತು. ಕೂಡಿಸಿದಳು. ಅಚ್ಚುಕಟ್ಟಾಗಿ ನಿಂತಿತು, ಊರಿನ ಬೇರೆ ಸಾವಿರ ಆರ್‌ಗಳ ಹಾಗೆ. ಆ ಬಾಗು ಹೋದಮೇಲೆ ಅದರಿಂದ ಹುಟ್ಟಿದ ಕ್ಯೂ, ಎಸ್, ಎಲ್ಲಕ್ಕೂ ತಾಯಿ ಸತ್ತಂತಾಯಿತು. ಒಂದನ್ನು ನೆಟ್ಟಗೆ ಮಾಡಿದರೆ ಇನ್ನೊಂದು ಅನಾಥ. ಬುಧವಾರವೆಲ್ಲ ಗಾಳಿ ಗುದ್ದಿ ಮೈ ನೋಯಿಸಿಕೊಂಡದ್ದೇ ಬಂತು. ಎರಡು ಸಲ ಸೈಕಲ್ ಹತ್ತಿ ಸ್ಲೋಟರ್ ಗೋಡೆಗೆ ಹೋಗಿ ಬಂದಳು. ದಾರಿಯಲ್ಲಿ ನಿಂತೇ ಒಂದು ಕರಿದ ಮೊಟ್ಟೆಯುಂಡೆ ತಿಂದು ನಾಲಿಗೆ ಸುಟ್ಟುಕೊಂಡಳು. ಒಮ್ಮೆ, ಯಾರೋ ಮುದುಕ ಅಂದ ಅಂತ ನನ್ನ ಎರಡು ವರ್ಷ ಹಾಳುಮಾಡಿಕೊಳ್ಳಲೇ ಎಂದು ಸಿಟ್ಟು ಬರುತ್ತಿತ್ತು. ಮರುಗಳಿಗೆ ಏಣಿಯ ಮೇಲೆ ನಡುಗುವ ಹುಡುಗ ಕಣ್ಣಿಗೆ ಕಟ್ಟುತ್ತಿದ್ದ.

ಗುರುವಾರ ತಿದ್ದಿದ ಆರ್ ಹಿಡಿದು ಅವನ ಮನೆಗೆ ಹೋದಳು. ಏಳನೇ ಅಂತಸ್ತಿನ ಪುಟ್ಟ ಮನೆ. ಅವನು ಕಾಫಿ ಕೊಟ್ಟ, ಜೊತೆಗೆ ಒಂದೇ ಒಂದು ಬಿಸ್ಕತ್ತು, ಡಬ್ಬಿ ಮುಚ್ಚಿಟ್ಟ. ಹಾಳೆ ನೋಡಿದ. ಕನ್ನಡಕ ಒರೆಸಿ ಮತ್ತೆ ನೋಡಿದ.

“ಹೌದು. ಹಾರ್ಮ್ ಇದನ್ನೇ ಬರೀತಿದ್ದ.”

ಆದರೆ ಮುಖ ಅರಳಲಿಲ್ಲ. ಹಾಳೆಯನ್ನು ದೂರ ಹಿಡಿದ, ಹತ್ತಿರ ಹಿಡಿದ, ಕೊನೆಗೆ ಸಕ್ಕರೆ ಬಟ್ಟಲಿನ ಕೆಳಗೆ ಇಟ್ಟ.

“ನಿಮಗೂ ಸಮಾಧಾನ ಆಗ್ಲಿಲ್ಲ ಅಲ್ವಾ?” ಇಮ್ಕೆಗೆ ತಡೆಯಲಾಗಲಿಲ್ಲ. “ನಾನು ತಿದ್ದಿದ್ರೆ ಅದು ತಿದ್ದಿದ ಹಾಗಲ್ಲ, ಬಯ್ಕೆಮಾ ಅವರೇ. ಅಳಿಸಿದ ಹಾಗೆ ಅಷ್ಟೇ. ನೀವೇ ಬಂದು ತಿದ್ದಿ. ಗೋಡೆ ಮೇಲೆ ಕಂಬ, ಹೊಟ್ಟೆ ನಾನು ಬರೆದಿಟ್ಟಿರ್ತೀನಿ. ಕಾಲಿಗೆ ಪೆನ್ಸಿಲ್ ಗೆರೆ ಹಾಕಿರ್ತೀನಿ, ಹಾರ್ಮ್ ಅವರದೇ ನೆಟ್ಟನೆ ಕಾಲು. ನೀವು ಬಣ್ಣ ತುಂಬಿದ್ರೆ ಸಾಕು.”

“ನಾನು ಕುಂಚ ಮುಟ್ಟಿ ಅರವತ್ತೆರಡು ವರ್ಷ ಆಯ್ತು.”

“ನೀವು ಬರದಿದ್ರೆ ಪರೀಕ್ಷಕರಿಗೆ ಕಾಲಿಲ್ಲದ ಅಕ್ಷರ ತೋರಿಸ್ತೀನಿ. ಬೇರೇನೂ ಹಾಕಲ್ಲ.”

“ಫೇಲ್ ಆಗ್ತೀಯ.”

“ಆಗ್ತೀನಿ.”

“ಬೆದರಿಸ್ತೀಯಾ, ಹುಡುಗಿ?”

“ಹೂಂ.”

ಹೇಳುವುದೇನೋ ಹೇಳಿದಳು. ಲಿಫ್ಟಿನಲ್ಲಿ ಇಳಿಯುವಾಗ ಉಳಿದ ಗಂಟೆಗಳನ್ನು ಬೆರಳಲ್ಲಿ ಎಣಿಸಿದಳು. ಸಂಜೆ ಆರೂ ಪೋಸ್ಟರು ಇಳಿಸಿ, ಬಿಳಿ ಗೋಡೆಯ ಮೇಲ್ಭಾಗದಲ್ಲಿ ಆಳೆತ್ತರದ ಕಂಬ ಮತ್ತು ಹೊಟ್ಟೆಯನ್ನು ಕಪ್ಪಿನಲ್ಲಿ ಬರೆದಳು. ಟೈಮೆನ್ ಸುಮ್ಮನೆ ಬಂದು ಬಣ್ಣದ ಡಬ್ಬಿ ಹಿಡಿದು ನಿಂತ. ಅವನೂ ತಮಾಷೆ ಮಾಡದಿದ್ದಾಗ ಅವಳಿಗೆ ಇನ್ನಷ್ಟು ಭಯವಾಯಿತು.

ಶುಕ್ರವಾರ ಎಂಟಾಯಿತು. ಎಂಟೂವರೆ. ಇಮ್ಕೆ ಕುಂಚ ತೊಳೆದಳು, ತೊಳೆದದ್ದನ್ನೇ ತೊಳೆದಳು. ಒಂಬತ್ತು. ಕಿಟಕಿಗೆ ಹೋದಳು, ಬಂದಳು. ಒಂಬತ್ತೂ ಇಪ್ಪತ್ತಕ್ಕೆ ಬಯ್ಕೆಮಾ ಬಂದ. ಇಸ್ತ್ರಿ ಮಾಡಿದ ಅಂಗಿ, ನುಣ್ಣಗೆ ಕೆರೆದ ಗಡ್ಡ. ಯಾರಿಗೂ ಮೋಯ್ ಎನ್ನಲಿಲ್ಲ.

ಎರಡೇ ಮೆಟ್ಟಿಲಿನ ಏಣಿ. ಮೊದಲ ಮೆಟ್ಟಿಲಿಗೆ ಕಾಲಿಟ್ಟು ನಿಂತುಬಿಟ್ಟ. ಇಮ್ಕೆ ಏಣಿಯನ್ನು ಎರಡೂ ಕೈಯಿಂದ ಅವುಚಿ ಹಿಡಿದಳು. “ನಾನು ಬಿಡಲ್ಲ,” ಎಂದಳು. ಅವನು ಹತ್ತಿದ. ಎಡಗೈಯಲ್ಲಿ ಬರಹಗಾರರ ಆಸರೆಕೋಲು ಗೋಡೆಗಾನಿಸಿ, ಅದರ ಮೇಲೆ ಬಲ ಮಣಿಕಟ್ಟು ಇಟ್ಟು, ಕುಂಚ ಊರಿದ. ಅರವತ್ತೆರಡು ವರ್ಷವಾದರೂ ಆ ಭಂಗಿ ಮರೆತಿರಲಿಲ್ಲ. ಪೆನ್ಸಿಲ್ ಗೆರೆಯ ಮೇಲೆ ಕುಂಚ ಸರಾಗವಾಗಿ ಇಳಿಯಿತು. ಅರ್ಧಕ್ಕೆ ಬಂತು. ಅಲ್ಲಿಂದ ಗೆರೆ ಒಂದು ಕಡೆ ಹೋಯಿತು, ಕುಂಚ ಒಳಕ್ಕೆ ಮಡಚಿಕೊಂಡಿತು.

“ಅಯ್ಯೋ,” ಎಂದ ಮುದುಕ. “ಮತ್ತೆ ಅದೇ. ನೋಡು, ಮತ್ತೆ ಹಾಳು ಮಾಡ್ದೆ.”

“ಇಳೀರಿ. ಕಾಗದದ ಮೇಲೆ ಮಾಡಿ ನೋಡೋಣ.”

ಮೇಜಿನ ಮುಂದೆ ಕೂರಿಸಿ, ನೆಟ್ಟನೆ ಗೆರೆ ಎಳೆದು ಕೊಟ್ಟಳು. ಅರ್ಧದವರೆಗೆ ನೆಟ್ಟಗೆ ಬಂದು ಒಳಕ್ಕೆ ತಿರುಗಿತು. ಇನ್ನೊಂದು ಹಾಳೆ. ಈ ಸಲ ಅವನು ನಾಲಿಗೆ ಕಚ್ಚಿಕೊಂಡು ನಿಧಾನ ಎಳೆದ. ಕೈ ಒಂದಿಷ್ಟೂ ನಡುಗಲಿಲ್ಲ, ಅಲ್ಲೇ ತಿರುಗಿತು. ಇಮ್ಕೆ ನೋಡುತ್ತಲೇ ಇದ್ದಳು. ಆ ಕಾಲನ್ನು ಎರಡು ವರ್ಷದಲ್ಲಿ ಸಾವಿರ ಸಲ ತಿದ್ದಿ ತೀಡಿದವಳು ಅವಳು. ಪೆಟ್ಟಿಗೆ ತೆರೆದು, ಸ್ಲೋಟರ್ ಗೋಡೆಯಿಂದ ತೆಗೆದು ಈ ಅಳತೆಗೆ ಕಿರಿದು ಮಾಡಿಟ್ಟಿದ್ದ ಪಾರದರ್ಶಕ ನಕಲನ್ನು ಅವನ ಹಾಳೆಯ ಮೇಲೆ ಹಾಸಿದಳು. ಬಾಗಿನ ಮೇಲೆ ಬಾಗು ಕೂತಿತು.

“ಬಯ್ಕೆಮಾ ಅವರೇ, ಈಗ ಏಣಿ ಇಲ್ಲ. ಯಜಮಾನ ಇಲ್ಲ. ಹೆದರಿಕೇನೂ ಇಲ್ಲ, ಅಲ್ವಾ?”

“ಇಲ್ಲ.”

“ಹೆದರಿಕೆಯಿಂದ ಬಂದಿದ್ದು ಮೂರು ಸಲಾನೂ ಒಂದೇ ಥರ ಬರಲ್ಲ. ನಾನೂ ತಪ್ಪು ಬರೆದಿದ್ದೆ, ಧೈರ್ಯ ಅಂತ. ಅದು ಧೈರ್ಯನೂ ಅಲ್ಲ, ಮಸಿನೂ ಅಲ್ಲ. ಇದು ನಿಮ್ಮ ಕೈ. ನಿಮ್ಮ ಕೈ ಹೋಗೋದೇ ಹೀಗೆ.”

ಅವನು ನಕಲನ್ನು ಎತ್ತಿ ನೋಡಿದ, ಇಳಿಸಿ ನೋಡಿದ. ಈಗ ನಗುತ್ತಾನೆ ಎಂದುಕೊಂಡಳು ಇಮ್ಕೆ. ಅವನು ಮುಷ್ಟಿಯಿಂದ ಮೇಜು ಗುದ್ದಿದ, ಬಣ್ಣ ಚೆಲ್ಲಿತು.

“ಮತ್ತೆ ಯಾಕೆ ಯಾರೂ ಹೇಳ್ಲಿಲ್ಲ?” ಎಂದ. “ಹದಿನಾರು ವರ್ಷದ ಹುಡುಗ ನಾನು. ಒಬ್ಬನಾದ್ರೂ ಇನ್ನೊಂದು ಅಕ್ಷರ ಬರಿ ನೋಡೋಣ ಅಂದಿದ್ರೆ! ನಲವತ್ತು ವರ್ಷ ಬಸ್ ಓಡಿಸ್ದೆ. ಬಸ್!”

ಇಮ್ಕೆ ಖಾಲಿ ಹಾಳೆಗಳನ್ನು ಚೆಲ್ಲಿದ ಬಣ್ಣದಿಂದ ದೂರ ಎಳೆದಳು. ಅವಳ ಕಣ್ಣಲ್ಲಿ ನೀರಿಳಿಯಿತು, ಒರೆಸಿಕೊಳ್ಳಲಿಲ್ಲ.

ಹತ್ತು ಗಂಟೆಗೆ ಹೆಸೆಲ್ ಇಬ್ಬರು ಪರೀಕ್ಷಕರೊಡನೆ ಬಂದ. ಗೋಡೆಯ ಮೇಲೆ ಪೆನ್ಸಿಲ್ ಗೆರೆ ಬಿಟ್ಟು ಮಡಚಿಕೊಂಡ ಕಾಲಿನ ಒಂದೇ ಒಂದು ಆರ್, ಇನ್ನೂ ಹಸಿ. ಮೇಜಿನ ಮುಂದೆ ಕಪ್ಪು ಬೆರಳಿನ ಒಬ್ಬ ಮುದುಕ.

“ಇವರು ಯಾರು?” ಎಂದಳು ಪರೀಕ್ಷಕಿ.

“ಈ ಅಕ್ಷರ ಬರೆದವರು, ಐಲ್ಕೊ ಬಯ್ಕೆಮಾ. ನಾನು ಬರೆದ ನಲವತ್ತು ಪುಟ ತಪ್ಪು, ಅದನ್ನ ಓದಬೇಡಿ. ಇವರನ್ನ ಕೇಳಿ.”

ಪರೀಕ್ಷಕಿ ಅವನ ಪಕ್ಕಕ್ಕೆ ಬಂದು ಬಗ್ಗಿ ನೋಡಿದಳು. “ಈ ಬಾಗಿನ ಬಗ್ಗೆ ಸ್ವಲ್ಪ ಹೇಳ್ತೀರಾ?”

ಮುದುಕ ತಲೆ ಎತ್ತಲಿಲ್ಲ. ಹಸಿ ಹಾಳೆ ಪಕ್ಕಕ್ಕೆ ಸರಿಸಿ, ಖಾಲಿ ಹಾಳೆ ಎಳೆದುಕೊಂಡು, ಚೆಲ್ಲಿದ ಬಣ್ಣದಲ್ಲೇ ಕುಂಚ ಅದ್ದಿದ.

“ಆಮೇಲೆ, ತಾಯಿ, ಆಮೇಲೆ. ಗೊತ್ತಿರೋದು ನನಗೆ ಇದೊಂದು ಕಾಲು ಅಷ್ಟೇ. ಇನ್ನೂ ಇಪ್ಪತ್ತೈದು ಅಕ್ಷರ ಬಾಕಿ ಇದೆ, ನನಗೆ ಎಪ್ಪತ್ತೆಂಟಾಯ್ತು.” ಇಮ್ಕೆಯ ಕಡೆ ಕೈ ಚಾಚಿದ. “ಹುಡುಗಿ, ಎಸ್ ಎಲ್ಲಿಂದ ಶುರು ಮಾಡೋದು? ಮೇಲಿಂದಲೋ ಕೆಳಗಿಂದಲೋ?”

“ಮೇಲಿಂದ,” ಎಂದಳು ಇಮ್ಕೆ, ಹಾಳೆ ಜಾರದಂತೆ ಎರಡೂ ಕೈಯಿಂದ ಒತ್ತಿ ಹಿಡಿದಳು.