ಲೋರ್ನಾ ಬೇಡ ಅಂದ ಭಾನುವಾರ

ಬೆಟ್ಟದ ಮೇಲೆ, ಹಿಮದ ನಡುವೆ ಒಂದು ಯರ್ಟ್ ಇದೆ. ದಪ್ಪ ಬಟ್ಟೆಯ ದುಂಡು ಮನೆ, ಒಳಗೊಂದು ಸೌದೆ ಒಲೆ, ಮಲಗಲು ಹಲಗೆ. ಅಲ್ಲಿಗೆ ರಸ್ತೆಯಿಲ್ಲ. ಕಾಲಿಗೆ ಸ್ಕೀ ಕಟ್ಟಿ, ಬೆನ್ನಿಗೆ ಮೂಟೆ ಏರಿಸಿ ಬೆಳಗಿನಿಂದ ಸಂಜೆಯವರೆಗೆ ಹತ್ತಬೇಕು. ಇಷ್ಟೆಲ್ಲ ಪಾಡುಪಟ್ಟು ಹೋಗಿ ಮಾಡುವುದೇನೆಂದರೆ, ಮಾರನೆಯ ದಿನ ಇನ್ನೂ ಮೇಲಕ್ಕೆ ಹತ್ತಿ ಜಾರಿಕೊಂಡು ಇಳಿಯುವುದು. ಅಮೆರಿಕದ ಐಡಾಹೊದ ಹೇಲಿ ಎಂಬ ಊರಿನಲ್ಲಿ ಇದನ್ನು ಯಾರೂ ಹುಚ್ಚು ಅನ್ನುವುದಿಲ್ಲ. ಹೋಗಲಾರದವರನ್ನೇ ಪಾಪ ಅನ್ನುತ್ತಾರೆ.

ಆ ಭಾನುವಾರ ಮಧ್ಯಾಹ್ನ ಲೋರ್ನಾಳ ಅಡುಗೆಮನೆಯಲ್ಲಿ ಹಳೆಯ ತಂಡ ಸೇರಿತ್ತು. ಯಾರು ಏನು ಹೊರಬೇಕೆಂದು ಗೊತ್ತುಮಾಡುವ ಸಭೆ. ಭಾರ ಕಡಿಮೆಯಾಗಲೆಂದು ಮೈಲೋ ತನ್ನ ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನೇ ಗರಗಸದಿಂದ ಕೊಯ್ದು ತಂದಿದ್ದ. ಅದೇ ಮೈಲೋ, ಎರಕದ ಕಬ್ಬಿಣದ ಬಾಣಲೆಯನ್ನು ತಾನೇ ಹೊರುವುದಾಗಿಯೂ ಹೇಳಿದ. ಅವನ ಹೆಂಡತಿ ಗ್ರೆಟಾ ಹಕಲ್‌ಬೆರಿ ಕಾಡುಹಣ್ಣು ತುಂಬಿ ಬೇಯಿಸಿದ ಪೈ ತರುವವಳು, ಅದೂ ಗಾಜಿನ ತಟ್ಟೆಯಲ್ಲಿ. ಮೂಗಿಗಿಂತ ಮೂಗುತಿ ಭಾರವಾಗುವುದು ಇವರಿಗೆ ಪ್ರತಿ ಚಳಿಗಾಲದ ಅಭ್ಯಾಸ.

ಮುಖಂಡ ವೆಂಡಲ್. ತಂಡದ ಕಾನೂನು ಅವನೇ ಮಾಡಿದ್ದು: ಯಾರಾದರೊಬ್ಬರು ‘ಬೇಡ’ ಅಂದರೆ ಎಲ್ಲರಿಗೂ ಬೇಡ, ಕಾರಣ ಕೇಳಬಾರದು, ಮುಖ ಗಂಟಿಕ್ಕಬಾರದು. ಕಾರಣ ಹೇಳಲು ನಾಚಿ ಸುಮ್ಮನಿದ್ದವರು ಹಿಮದಡಿ ಹೂತುಹೋದದ್ದನ್ನು ಅವನು ಕಣ್ಣಾರೆ ಕಂಡಿದ್ದ. ಈ ಕಾನೂನನ್ನು ಎಲ್ಲರೂ ಹಾಡಿ ಹೊಗಳುತ್ತಿದ್ದರು, ಆದರೆ ಇಂದಿನವರೆಗೆ ಒಬ್ಬರೂ ಬಳಸಿರಲಿಲ್ಲ. ಬೇಡ ಅಂದವರನ್ನು ಎದುರಿಗೆ ಯಾರೂ ಏನೂ ಕೇಳುವುದಿಲ್ಲ ನಿಜ, ಹಿಂದಿನಿಂದ ಎಲ್ಲರೂ ತಮಗೆ ತೋಚಿದ್ದನ್ನೆಲ್ಲ ಊಹಿಸಿಕೊಂಡುಬಿಡುತ್ತಾರೆ.

ಬೆಳಿಗ್ಗೆಯೇ ವೆಂಡಲ್‌ನ ಹೆಂಡತಿ ಆರ್ಡಿತ್ ಫೋನು ಮಾಡಿದ್ದಳು. “ಅವನ ಎದೆ ಸರಿಯಿಲ್ಲ ಕಣೆ ಲೋರ್ನಾ. ಬೆಟ್ಟದ ಮಾತೇ ಎತ್ತಬೇಡ ಅಂದಿದಾರೆ ಡಾಕ್ಟ್ರು. ಇವನು ಆ ಡಾಕ್ಟ್ರಿಗೆ ಸ್ಕೀ ಕಟ್ಟೋಕೂ ಬರಲ್ಲ ಅಂತಾನೆ. ನಾನು ಹೇಳ್ದೆ ಅಂತ ಗೊತ್ತಾದ್ರೆ ಹಟಕ್ಕೆ ಬಿದ್ದು ಒಬ್ಬನೇ ಹೊರಟುಬಿಡ್ತಾನೆ. ಏನಾದ್ರೂ ಮಾಡೆ.”

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಲೋರ್ನಾ ಮೆಲ್ಲಗೆ ಶುರುಮಾಡಿದಳು.

“ಹೋದ ಸಲ ಅಲ್ಲಿ ಇಲಿ ಕಾಟ ಎಷ್ಟಿತ್ತು, ನೆನಪಿದೆಯಾ?”

“ಅವಕ್ಕೂ ವರ್ಷಕ್ಕೊಂದು ಹಬ್ಬ ಬೇಡ್ವೇನೆ?” ಅಂದ ವೆಂಡಲ್.

“ಈ ಸಲ ಹಿಮ ಸರಿಯಾಗಿ ಕೂತಿಲ್ಲ, ಕುಸಿದು ಬೀಳ್ಬೋದು ಅಂತಾರೆ.”

“ಯಾರು ಅಂದಿದ್ದು? ಮೊನ್ನೆ ನಾನೇ ಹಿಮದಲ್ಲಿ ಗುಂಡಿ ತೋಡಿ ನೋಡಿ ಬಂದೆ. ಕಲ್ಲು ಕೂತಂಗೆ ಕೂತಿದೆ.” ಅಷ್ಟು ಹೇಳುವಷ್ಟರಲ್ಲಿ ಅವನು ಎರಡು ಸಲ ಉಸಿರೆಳೆದುಕೊಂಡ.

“ಹೋಗ್ಲಿ, ನಿನ್ನ ಮೂಟೆ ಅರ್ಧ ನಾನು ಹೊರ್ತೀನಿ.”

“ಸತ್ತ ಮೇಲೆ ನನ್ನನ್ನೇ ಹೊರುವೆಯಂತೆ, ಸುಮ್ನಿರು ಮಾರಾಯ್ತಿ.”

ಮೈಲೋ, ಗ್ರೆಟಾ ಬಿದ್ದು ಬಿದ್ದು ನಕ್ಕರು. ಲೋರ್ನಾಳಿಗೆ ನಗು ಬರಲಿಲ್ಲ.

“ಬೇಡ,” ಅಂದಳು.

“ಏನು ಬೇಡ? ಪೈಯಾ?” ಗ್ರೆಟಾ ಗಾಬರಿಯಾದಳು.

“ಹೋಗೋದೇ ಬೇಡ. ನಾನು ಬೇಡ ಅಂತಿದೀನಿ.”

“ಅದು ಬೆಟ್ಟದ ಮೇಲೆ ಹೇಳೋ ಮಾತಲ್ವೇನೆ? ಇದು ಅಡುಗೆಮನೆ!” ಅಂದ ಮೈಲೋ.

ವೆಂಡಲ್ ಕೈ ಎತ್ತಿ ತಡೆದ. “ಎಲ್ಲಿ ಅಂದ್ರೂ ಅಂದಂಗೇ. ಯಾರೂ ಏನೂ ಕೇಳ್ಬೇಡಿ.”

ಮಂಡಿ ನೋವೆಂದು ಹೇಳಲು ಲೋರ್ನಾ ಒಂದು ಸುಳ್ಳನ್ನು ಸಿದ್ಧಮಾಡಿ ನಾಲಿಗೆ ತುದಿಯಲ್ಲೇ ಇಟ್ಟುಕೊಂಡಿದ್ದಳು. ಕೇಳುವವರೇ ಇಲ್ಲ. ಮೂವರೂ ಸಾವಿನ ಮನೆಯಿಂದ ಏಳುವವರಂತೆ ಸದ್ದಿಲ್ಲದೆ ಎದ್ದು ಹೋದರು. ಮೈಲೋ ತನ್ನ ಮೊಂಡು ಬ್ರಷ್ಷನ್ನು ಜೇಬಿಗೆ ಹಾಕಿಕೊಳ್ಳುವುದನ್ನು ಮಾತ್ರ ಮರೆಯಲಿಲ್ಲ.

ವಾರ ಕಳೆಯುವುದರೊಳಗೆ ಸುದ್ದಿ ಊರೆಲ್ಲ ಆಯಿತು. ಅಂಗಡಿಯಲ್ಲಿ ಹಾಲು ಕೊಳ್ಳುತ್ತಿದ್ದವಳ ಭುಜ ತಟ್ಟಿ ಯಾರೋ ಹೇಳಿದರು, “ನಮ್ಮತ್ತೆಗೂ ಹಿಂಗೇ ಧೈರ್ಯ ಹೋಯ್ತು. ಈಗ ಆರಾಮಾಗಿ ಕೌದಿ ಹೊಲೀತಾರೆ.” ಸ್ಕೀ ಅಂಗಡಿಯವನು ಕೇಳದೆಯೇ ಮಕ್ಕಳು ಕಲಿಯುವ ಇಳಿಜಾರಿನ ವಿಷಯ ತೆಗೆದ. ಗಂಡಸರು ಹಿಂಜರಿಯುವ ಇಳಿಜಾರಿಗೆ ಮೊದಲು ಧುಮುಕುತ್ತಿದ್ದವಳು ಅವಳು. ಕಾರಿನಲ್ಲಿ ಕೂತು ಬಾಗಿಲು ಹಾಕಿಕೊಂಡು ಅತ್ತಳು. ಅತ್ತದ್ದು ಸಿಟ್ಟಿಗೆ, ಅವಮಾನಕ್ಕೆ. ಪುಣ್ಯ ಕಟ್ಟಿಕೊಂಡ ಸಮಾಧಾನವೇನೂ ಅವಳಿಗೆ ಆಗಲಿಲ್ಲ. ಇಷ್ಟಾಗಿಯೂ ಆ ಮೊಂಡ ವೆಂಡಲ್ ಬೇರೆ ತಂಡ ಕಟ್ಟಿಕೊಂಡು ಹೋಗಿಬಿಟ್ಟರೆ ಮಾನವೂ ಹೋಯಿತು, ಮನುಷ್ಯನೂ ಹೋದ.

ಮರುದಿನ ವೆಂಡಲ್ ಬಾಗಿಲಿಗೇ ಬಂದ. ಕೈಯಲ್ಲಿ ಸಪಾಟು ದಾರಿಯ ತೆಳ್ಳನೆಯ ಸ್ಕೀ.

“ಮೈಲೋ ಬೇರೆಯವರನ್ನ ಸೇರಿಸ್ಕೊಂಡು ಹೋಗೋಣ ಅಂದ. ಬೈದು ಕಳಿಸ್ದೆ. ನಿನ್ನ ಬಿಟ್ಟು ನಾವು ಮೇಲೆ ಕೂತು ಪೈ ತಿಂದ್ರೆ ಗಂಟಲಲ್ಲಿ ಇಳಿಯುತ್ತಾ? ಈ ಚಳಿಗಾಲ ಪೂರ್ತಿ ನಿನ್ನ ಜೊತೆ ಹೊಳೆ ಪಕ್ಕದ ದಾರೀಲೇ ಬರ್ತೀನಿ. ಏನೂ ಮಾತಾಡ್ಬೇಡ. ಭಯ ಅನ್ನೋದು ಯಾರಿಗೂ ಬರ್ಬೋದು.”

ಎಲ್ಲವನ್ನೂ ಅವನ ಮುಖಕ್ಕೆ ಎಸೆದುಬಿಡೋಣ ಅನ್ನಿಸಿತು. ಆರ್ಡಿತ್‌ಳ ಮಾತು ಬಾಯಿಯವರೆಗೆ ಬಂದೂ ಬಂತು. ಲೋರ್ನಾ ಅದನ್ನು ನುಂಗಿಕೊಂಡು ಟೋಪಿ ಹುಡುಕಲು ಒಳಗೆ ಹೋದಳು.

ಹೊಳೆಯ ಪಕ್ಕದ್ದು ಅಜ್ಜಿಯರೂ ನಾಯಿಗಳೂ ಓಡಾಡುವ ದಾರಿ. ವೆಂಡಲ್ ಮುಂದೆ ಹೊರಟ. ಸೇತುವೆ ದಾಟುವಷ್ಟರಲ್ಲಿ ನಿಂತುಬಿಟ್ಟ. ಎರಡೂ ಸ್ಕೀ ಕೋಲುಗಳ ಮೇಲೆ ಭಾರ ಹಾಕಿ, ತುಟಿ ಬಿಳಚಿಕೊಂಡು, ಬಾಯಿ ತೆರೆದು ಉಸಿರೆಳೆಯುತ್ತಿದ್ದ.

“ಸುಧಾರಿಸ್ಕೋ ಲೋರ್ನಾ,” ಅಂದ, ಅವಳ ಕಡೆ ತಿರುಗದೆ. “ನಿನಗೋಸ್ಕರ ನಿಂತೆ. ಅವಸರ ಏನಿಲ್ಲ.”

ಲೋರ್ನಾಳ ಉಸಿರು ಒಂದಿಷ್ಟೂ ಏರಿರಲಿಲ್ಲ. ಅವಳು ತನ್ನ ಕೋಲುಗಳ ಮೇಲೆ ಬಾಗಿ, ಅವನಿಗೆ ಕೇಳುವಷ್ಟು ಜೋರಾಗಿ ಏದುಸಿರು ಬಿಡತೊಡಗಿದಳು. ಅವನ ತುಟಿಗೆ ಬಣ್ಣ ಬರುವವರೆಗೂ ಬಿಡುತ್ತಲೇ ನಿಂತಳು.