ಭಾವನ ಒಡೆಯದ ಸಂಖ್ಯೆ

ನಮ್ಮ ಭಾವ ಕುಳಿತದ್ದನ್ನು ನಾನು ಕಂಡದ್ದು ಕಡಿಮೆ. ಕುರ್ಚಿ ಎಳೆದುಕೊಟ್ಟರೆ ಅದರ ಬೆನ್ನಿಗೆ ಕೈಯೂರಿ ನಿಲ್ಲುತ್ತಾರೆ. ನಿಂತಲ್ಲೂ ಕಾಲು ಸುಮ್ಮನಿರದು. ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಶತಪಥ ಹಾಕುತ್ತ, ಬಸ್ಸಿನ ನಂಬರು, ಅಕ್ಕನ ಔಷಧಿ ಚೀಟಿಯ ಸಂಖ್ಯೆ, ಹೀಗೆ ಕಣ್ಣಿಗೆ ಬಿದ್ದ ಅಂಕಿಗಳನ್ನೆಲ್ಲ ಬಾಯಲ್ಲೇ ಭಾಗಿಸುತ್ತಿರುತ್ತಾರೆ. ಭಾಗವಾದರೆ ಮುಖದಲ್ಲಿ ತಾತ್ಸಾರ. ಆಗದಿದ್ದರೆ "ಗಟ್ಟಿ ಆಸಾಮಿ" ಎಂಬ ಮೆಚ್ಚುಗೆ. ಕಾರ್ಖಾನೆಯವರು ಅವರಿಗೆ ಶೇಷಪ್ಪನೆಂದು ನಾಮಕರಣ ಮಾಡಿದ್ದರು.

ಗಿಯರ್ ಚಕ್ರಗಳಿಗೆ ಹಲ್ಲು ಕೊರೆಯುವುದು ಅವರ ಕಸುಬು. ಜೋಡಿ ಚಕ್ರಗಳ ಹಲ್ಲಿನ ಲೆಕ್ಕ ಒಂದೇ ಸಂಖ್ಯೆಯಿಂದ ಭಾಗವಾಗುವಂತಿದ್ದರೆ ಅವವೇ ಹಲ್ಲುಗಳು ಮತ್ತೆ ಮತ್ತೆ ಎದುರಾಗಿ ಬೇಗ ಸವೆಯುತ್ತವೆ. ಒಂದರದ್ದು ಅವಿಭಾಜ್ಯ ಸಂಖ್ಯೆಯಾದರೆ ಸಾಮಾನ್ಯವಾಗಿ ಸವೆತ ಎಲ್ಲಕ್ಕೂ ಸಮನಾಗಿ ಹಂಚಿಹೋಗುತ್ತದೆ. ಅವಿಭಾಜ್ಯಗಳ ಮೇಲಿನ ಅವರ ಮೋಹ ಹುಟ್ಟಿದ್ದು ಅಲ್ಲಿ. ಅದು ಹುಚ್ಚಾದದ್ದು ಅವರ ಯಂತ್ರದ ತಗಡಿನ ಮೇಲಿದ್ದ ನಂಬರಿನಿಂದ: 70646269. ಇದನ್ನು ಯಾವ ಸಂಖ್ಯೆಯೂ ಒಡೆಯಲಾರದೆಂದು ಅವರ ಅಂತರಂಗಕ್ಕೆ ಅನ್ನಿಸಿಬಿಟ್ಟಿತು. ಸಾಬೀತು ಮಾಡಬೇಕಾದರೆ ಅದರ ವರ್ಗಮೂಲದವರೆಗಿನ, ಎಂದರೆ ಎಂಟು ಸಾವಿರದ ನಾನೂರು ಚಿಲ್ಲರೆಯವರೆಗಿನ ಪ್ರತಿಯೊಂದು ಅವಿಭಾಜ್ಯದಿಂದಲೂ ಭಾಗಿಸಿ ನೋಡಬೇಕು. ಅಂಥವು ಸಾವಿರಕ್ಕೂ ಹೆಚ್ಚು. ಶಿಫ್ಟಿಗೆ ಹೊರಡುವ ಮುನ್ನ ದಿನಕ್ಕೊಂದು ಭಾಗಾಕಾರದಂತೆ ಮೂರು ವರ್ಷ ನಡೆಯಿತು. ನಿವೃತ್ತಿಯ ದಿನ ಕಾರ್ಖಾನೆಯಲ್ಲಿ ಎಲ್ಲರೆದುರು ಫಲಿತಾಂಶ ಸಾರುವುದೆಂದು ಗೊತ್ತುಮಾಡಿಕೊಂಡಿದ್ದರು. ಉತ್ತರವನ್ನು ಫೋನಿನಲ್ಲಿ ಯಾರೂ ನೋಡಕೂಡದೆಂದು ಕಟ್ಟಪ್ಪಣೆ.

ಎರಡು ದಿನ ಬಾಕಿ ಇರುವಾಗ ನಾನು ಕದ್ದು ನೋಡಿದೆ. ಕ್ಷಣದಲ್ಲಿ ಉತ್ತರ ಬಂತು: 3167ರಿಂದ ಭಾಗವಾಗುತ್ತದೆ. ಹಳೆಯ ನೋಟ್‌ಬುಕ್ಕು ತೆಗೆದರೆ ಭಾವ 3167ರಿಂದ ಭಾಗಿಸಿದ ದಿನದ ಲೆಕ್ಕವೂ ಇತ್ತು. ಏಳೇಳಲೆ ನಲವತ್ತೊಂಬತ್ತಕ್ಕೆ ದಶಕ ನಾಲ್ಕು ಎನ್ನುವ ಬದಲು ಮೂರು ಎಂದು, ಸೊನ್ನೆಯಿರಬೇಕಾದಲ್ಲಿ ಹತ್ತು ಉಳಿಸಿ ಮುಂದೆ ಹೋಗಿದ್ದರು. ಒಯ್ದು ಅಕ್ಕನಿಗೆ ತೋರಿಸಿದೆ.

"ಬಾಯಿ ಬಿಡ್ಬೇಡ ಕಣೋ," ಎಂದಳು ಅಕ್ಕ. "ಮೂರು ವರ್ಷ! ಖುಷಿಯಾಗಿ ಹೇಳ್ಕೊಂಡು ಬರ್ಲಿ."

"ಅಲ್ಲಿ ಯಾರಾದ್ರೂ ಫೋನ್ ತೆಗೆದು ನೋಡಿದ್ರೆ?"

ಅಕ್ಕ ನೋಟ್‌ಬುಕ್ಕನ್ನು ಮುಚ್ಚಿ ಇದ್ದಲ್ಲೇ ಇಟ್ಟಳು.

ನಿವೃತ್ತಿಯ ಬೆಳಿಗ್ಗೆ ಕಡೆಯ ಭಾಗಾಕಾರ. ಭಾವ ನಿಂತೇ ಬರೆದರು. 8389ರಿಂದ ಭಾಗಿಸಿದಾಗ ಎರಡು ಸಾವಿರದ ಐನೂರು ಉಳಿಯಿತು. ಅಕ್ಕ ಇಸ್ತ್ರಿ ಮಾಡಿದ ಕೋಟು ಹಿಡಿದು ಬಂದು ನಗಲು ಪ್ರಯತ್ನಿಸಿದಳು. ನನ್ನಿಂದ ಅಷ್ಟೂ ಆಗಲಿಲ್ಲ.

"ಯಾಕೋ ಮುಖ ಹಾಗಿದೆ?" ಭಾವ ನನ್ನನ್ನೇ ದಿಟ್ಟಿಸಿದರು. "ನೋಡ್ಬಿಟ್ಯಾ?"

ತಲೆ ತಗ್ಗಿಸಿದೆ.

"ಭಾಗ ಆಗುತ್ತಾ?"

"ಆಗುತ್ತೆ, ಭಾವ."

ಅವರು ಕಿಟಕಿಯವರೆಗೆ ಹೋದರು, ಬಂದರು, ಮತ್ತೆ ಹೋದರು. ಕಣ್ಣು ಒದ್ದೆಯಾಗಿತ್ತು. ನನಗೆ ಅಲ್ಲಿಂದ ಓಡಿಹೋಗಬೇಕೆನಿಸಿತು.

"ಯಾವುದ್ರಿಂದ ಅಂತ ಮಾತ್ರ ಹೇಳ್ಬೇಡ," ಎಂದರು ಕೊನೆಗೆ. "ಹೇಳಿದ್ಯೋ, ಈ ಮನೆಗೆ ಕಾಲಿಡ್ಬೇಡ."

ಕಾರ್ಖಾನೆಯಲ್ಲಿ, ಲೆಕ್ಕ ಎಲ್ಲೋ ತಪ್ಪಿದೆ, ಇನ್ನೂ ಹುಡುಕುತ್ತಿದ್ದೇನೆ ಎಂದಷ್ಟೇ ಹೇಳಿದರಂತೆ. ಮರುದಿನ ಬೆಳಿಗ್ಗೆ ಹೊಸ ನೋಟ್‌ಬುಕ್ಕು ತೆರೆದು ಮೂರರಿಂದ ಶುರುಮಾಡಿದರು.

ಉತ್ತರ ಇಂದು ಯಾರ ಕೈಗಾದರೂ ಎಟುಕುತ್ತದೆ. ಆದರೆ ತಮ್ಮ ತಪ್ಪನ್ನು ತಾವೇ ಹುಡುಕುವ ಹಕ್ಕನ್ನು ಯಾರಿಗೂ ಬಿಟ್ಟುಕೊಡದ ಕೆಲವರಿರುತ್ತಾರೆ. ಅಂಥವರಿಗೆ ನೆಮ್ಮದಿಯನ್ನು ಹಾರೈಸುವುದು, ಅವರನ್ನು ಅರಿಯದ ನಮ್ಮಂಥವರ ಔದಾರ್ಯ.